ಸೊನ್ನೆ ಬಿಲ್ಲಿನ ಮನೆಗೆ ಕರೆಂಟ್ ಒಲೆ ಬಂದದ್ದು

ತಲ್ಲೂರಿನ ನಮ್ಮ ಮನೆಗೆ ಪ್ರತಿ ತಿಂಗಳೂ ಕರೆಂಟ್ ಬಿಲ್ ಬರುತ್ತದೆ. ಮೀಟರ್ ನೋಡುವವನು ಬಂದು, ಕೈಯಲ್ಲಿರುವ ಮಿಷನ್ನನ್ನು ಕಿರ್ರೆನ್ನಿಸಿ, ಚೀಟಿ ಹರಿದು, ಜಗಲಿಯಲ್ಲಿ ಕೂತ ನನ್ನ ಅತ್ತೆಯ ಕೈಗೆ ಕೊಟ್ಟು ಹೋಗುತ್ತಾನೆ. ಕಟ್ಟಬೇಕಾದ ಮೊತ್ತ ಸೊನ್ನೆ. ಸರಕಾರ ಕರೆಂಟನ್ನು ಉಚಿತ ಮಾಡಿದಂದಿನಿಂದ ಅದೇ ಸೊನ್ನೆ. ಅತ್ತೆ ಆ ಸೊನ್ನೆಯನ್ನು ಕನ್ನಡಕ ಹಾಕಿಕೊಂಡು ಒಮ್ಮೆ, ಕನ್ನಡಕ ತೆಗೆದು ಒಮ್ಮೆ ನೋಡಿ ದೇವರ ಕೋಣೆಯ ಗೂಡಿನಲ್ಲಿ ಇಡುತ್ತಾರೆ.

ಅದೇ ಮನೆಗೆ ಗ್ಯಾಸ್ ಸಿಲಿಂಡರೂ ಬರುತ್ತದೆ. ಅದಕ್ಕೆ ದುಡ್ಡು ಕೊಡಬೇಕು. ಒಂದು ದಿನ ಸಿಲಿಂಡರಿನವನಿಗೆ ನೋಟು ಕೊಡುತ್ತಿರುವಾಗ ನನ್ನ ತಲೆಯಲ್ಲಿ ಒಂದು ಮಹತ್ತರವಾದ ಆಲೋಚನೆ ಉದಯಿಸಿತು. ಗ್ಯಾಸಿಗೆ ದುಡ್ಡು. ಕರೆಂಟಿಗೆ ಸೊನ್ನೆ. ಹಾಗಾದರೆ ಅಡುಗೆಯನ್ನು ಕರೆಂಟಿನಲ್ಲೇ ಮಾಡಿದರೆ? ಇಷ್ಟು ಸರಳವಾದ ಸತ್ಯ ಇಡೀ ಕುಂದಾಪುರ ತಾಲೂಕಿನಲ್ಲಿ ಇನ್ಯಾರಿಗೂ ಹೊಳೆಯದೆ ನನಗಾಗಿಯೇ ಕಾದು ಕುಳಿತಿತ್ತಲ್ಲ ಎಂದು ನನಗೆ ಮೈ ಜುಮ್ಮೆಂದಿತು.

ನನ್ನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಪುಣೆಯಲ್ಲಿ ನನ್ನದೊಂದು ಹೋಟೆಲಿತ್ತು. ಮೂವತ್ತು ವರ್ಷ ಅಲ್ಲಿ ಗಲ್ಲೆಯ ಮೇಲೆ ಕೂತು ಗಿರಾಕಿಗಳಿಂದ ದುಡ್ಡು ತೆಗೆದುಕೊಂಡು ಚಿಲ್ಲರೆ ಕೊಟ್ಟವನು ನಾನು. ಮಂಡಿನೋವು ಜೋರಾದ ಮೇಲೆ ಹೋಟೆಲನ್ನು ಮಾರಿ ಊರಿಗೆ ಬಂದೆ. ಊರು ಎಂದರೆ ಹೆಂಡತಿಯ ಊರು. ನಮ್ಮ ಕೆಲವು ಮನೆತನಗಳಲ್ಲಿ ಹೆಣ್ಣುಮಗಳು ಮದುವೆಯಾದ ಮೇಲೂ ತಾಯಿಮನೆಯಲ್ಲೇ ಇರುವುದುಂಟು. ಗಂಡನಾದವನು ರಜೆಗೆ ಬಂದರೂ ಅಲ್ಲಿಗೆ, ಕಾಯಂ ಬಂದರೂ ಅಲ್ಲಿಗೆ. ಹಾಗೆ ನಾನು ಬಂದು ಸೇರಿದ್ದು ಗಿರಿಜಳ ಮನೆಗೆ, ಗಿರಿಜ ಮತ್ತು ಅವಳ ತಾಯಿ ಸೇರಿ ಮೂವತ್ತು ವರ್ಷದಿಂದ ನನ್ನ ನೆರವಿಲ್ಲದೆ ಚೆಂದವಾಗಿ ನಡೆಸಿಕೊಂಡು ಬಂದ ಮನೆಗೆ.

ಹೋಟೆಲಿನಲ್ಲಿ ನಾನು ಕೆಮ್ಮಿದರೆ ಇಬ್ಬರು ಮಾಣಿಗಳು ಓಡಿ ಬರುತ್ತಿದ್ದರು. ಇಲ್ಲಿ ಕೆಮ್ಮಿದರೆ ಗಿರಿಜ ಕಷಾಯ ತಂದುಕೊಡುತ್ತಾಳೆ. ತೆಂಗಿನಕಾಯಿ ಕೀಳಿಸುವುದು, ಗದ್ದೆಗೆ ಆಳು ಹೇಳುವುದು, ಮೀನಿನವಳ ಹತ್ತಿರ ಚೌಕಾಶಿ ಮಾಡುವುದು, ಯಾವುದಕ್ಕೆ ಕೈ ಹಾಕಲು ಹೋದರೂ ಒಂದೇ ಮಾತು, "ನೀವ್ ಕೂಕಣಿ." ನೀವು ಕೂತುಕೊಳ್ಳಿ ಎಂದರ್ಥ. ಉಪಚಾರಕ್ಕೆ ಕಡಿಮೆಯಿಲ್ಲ. ಆದರೆ ಅದು ನೆಂಟನಿಗೆ ಮಾಡುವ ಉಪಚಾರ. ತಿಂಗಳುಗಟ್ಟಲೆ ನೆಂಟನಾಗಿ ಇರುವುದು ಎಂಥ ಬೇಜಾರಿನ ಸಂಗತಿ ಎಂಬುದು ಇದ್ದವನಿಗೇ ಗೊತ್ತು. ಈ ಮನೆಯಲ್ಲಿ ನನಗೊಂದು ಕೆಲಸ ಬೇಕಿತ್ತು. ನಾನಿದ್ದರೆ ನಡೆಯುವ, ನಾನಿಲ್ಲದಿದ್ದರೆ ನಿಲ್ಲುವ ಒಂದೇ ಒಂದು ಕೆಲಸ. ಕರೆಂಟ್ ಒಲೆ ಅದೇ ಎಂದು ನಾನು ತೀರ್ಮಾನಿಸಿದೆ.

ಆ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಗಂಟಲು ಸರಿಮಾಡಿಕೊಂಡು ಘೋಷಿಸಿದೆ.

"ಗಿರಿಜ, ಇನ್ ಮೇಲೆ ನಮ್ಮನಿ ಅಡ್ಗಿ ಪೂರಾ ಕರೆಂಟಂಗೆ."

"ಎಂತಕೆ?" ಎಂದಳು ಗಿರಿಜ, ಸಾರು ಬಡಿಸುತ್ತ.

"ಗ್ಯಾಸಿಗ್ ದುಡ್ಡ್ ಕೊಡ್ಕ್. ಕರೆಂಟ್ ಫ್ರೀ."

"ಗ್ಯಾಸ್ ನಮ್ಗೆ ಎಷ್ಟ್ ಖರ್ಚಾತ್ತ್ ಅಂದೇಳಿ ಗೊತ್ತಿತ್ತಾ ನಿಮ್ಗೆ?"

"ಎಷ್ಟಾರೂ ಆಗ್ಲಿ. ಫ್ರೀ ಅಂದ್ರೆ ಫ್ರೀ."

ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ನಾನು ಗಲ್ಲೆಯಲ್ಲಿ ಕೂತವರ ಶೈಲಿಯಲ್ಲಿ ಕೈ ಎತ್ತಿ ತಡೆದೆ. ಆ ಮಾತನ್ನು ಅಂದೇ ಕೇಳಿದ್ದರೆ ನಾನು ಇದನ್ನೆಲ್ಲ ಬರೆಯಬೇಕಾಗಿಯೇ ಇರಲಿಲ್ಲ.

ನನ್ನ ಅತ್ತೆಗೆ ಒಂದು ಕ್ರಮವಿದೆ. ಅಳಿಯನ ಹತ್ತಿರ ನೇರವಾಗಿ ಮಾತನಾಡುವುದಿಲ್ಲ. ನಾನು ಎದುರಿಗೇ ಕೂತಿದ್ದರೂ ಮಗಳ ಮೂಲಕವೇ ಹೇಳಿ ಕಳುಹಿಸುತ್ತಾರೆ. ಅದು ಮರ್ಯಾದೆ. ಹಾಗೆ ಅವರು ಮರ್ಯಾದೆಯಿಂದಲೇ ಹೇಳಿದರು. "ಹೆಣೆ ಗಿರಿಜ, ಬಾವಿ ನೀರೂ ಫ್ರೀಯೇ. ಅಂದೇಳಿ ಪೂರಾ ಎತ್ತಿ ಅಂಗ್ಳಕ್ಕೆ ಹೊಯ್ತ್ರಾ ಕೇಣ್ ಅವ್ರತ್ರ."

ನಾನು ಕೇಳಿಸಿಕೊಳ್ಳಲಿಲ್ಲ. ಮರುದಿನವೇ ಕುಂದಾಪುರಕ್ಕೆ ಬಸ್ಸು ಹತ್ತಿದೆ.

ಅಂಗಡಿಯವನು ನುಣ್ಣನೆಯ ಕಪ್ಪು ಗಾಜಿನ ಒಲೆಯೊಂದನ್ನು ತೆಗೆದು ತೋರಿಸಿದ. ಗುಂಡಿ ಒತ್ತಿದರೆ ಹಾಡು ಹೇಳುತ್ತದೆ. "ಆಯಸ್ಕಾಂತ ಹಿಡಿಯುವ ಪಾತ್ರೆ ಮಾತ್ರ ಆಪ್ದ್ ಕಾಣಿ. ಅಡಿ ಚಪ್ಪಟೆ ಇರ್ಕ್," ಎಂದ. "ಅದೆಲ್ಲ ಇತ್ತ್," ಎಂದೆ. ಮೂವತ್ತು ವರ್ಷ ಹೋಟೆಲು ನಡೆಸಿದವನಿಗೆ ಪಾತ್ರೆಯ ವಿಷಯ ಇವನು ಹೇಳಿಕೊಡಬೇಕೆ? ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ವಾಪಸು ಬರುವಾಗ ಬಸ್ಸಿನಲ್ಲಿ ನಾಲ್ಕು ಜನ ವಿಚಾರಿಸಿದರು. ನಾಲ್ವರಿಗೂ ಉಚಿತ ಕರೆಂಟಿನ ಸಿದ್ಧಾಂತವನ್ನು ಬೋಧಿಸಿದೆ.

ಮನೆಗೆ ಬಂದು ಪಾತ್ರೆ ಪರೀಕ್ಷೆ ಶುರು ಮಾಡಿದೆ. ಆಯಸ್ಕಾಂತ ಬೇಕಿತ್ತು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ, ಕುಂಭಾಶಿಯಿಂದ ತಂದ ಪುಟ್ಟ ಗಣಪತಿ ಇದ್ದ. ಅವನ ಬೆನ್ನಿಗೆ ಆಯಸ್ಕಾಂತ. ವಿಘ್ನನಿವಾರಕನನ್ನು ಕೈಯಲ್ಲಿ ಹಿಡಿದು ಅಡುಗೆಮನೆ ಪ್ರದಕ್ಷಿಣೆ ಹೊರಟೆ. ಮೀನು ಸಾರಿನ ಮಣ್ಣಿನ ಮಡಕೆಗೆ ಗಣಪತಿ ಅಂಟಲಿಲ್ಲ. ಅನ್ನದ ಅಲ್ಯುಮಿನಿಯಮ್ ಪಾತ್ರೆಗೆ ಅಂಟಲಿಲ್ಲ. ಪಾಯಸದ ಹಿತ್ತಾಳೆ ಪಾತ್ರೆಗೂ ಅಂಟಲಿಲ್ಲ, ಅದರ ಅಡಿಯಂತೂ ತೆಂಗಿನಕಾಯಿಯ ಹಾಗೆ ಗುಂಡಗೆ. ಕೊನೆಗೆ ಮೂಲೆಯಲ್ಲಿ ಒಂದು ಕಡೆ ಟಕ್ಕೆಂದು ಅಂಟಿತು. ಸಂತೋಷದಿಂದ ಬಗ್ಗಿ ನೋಡಿದರೆ ಮೀನು ಕೊಯ್ಯುವ ಮೆಟ್ಟುಕತ್ತಿ.

"ಹೆಣೆ, ಮೆಟ್ಕತ್ತಿಯಂಗೆ ಗಂಜಿ ಬೇಯ್ಸುದ್ ಹ್ಯಾಂಗೆ ಕೇಣ್," ಎಂದರು ಅತ್ತೆ ಜಗಲಿಯಿಂದ.

ಮರುದಿನ ಡಬ್ಬದ ಸಮೇತ ಮತ್ತೆ ಕುಂದಾಪುರ. ಅಂಗಡಿಯವನು ಮುಖ ನೋಡಿದ ಕೂಡಲೇ ಬೇರೊಂದು ಒಲೆ ತೆಗೆದಿಟ್ಟ. ಇದು ಹಾಡುವುದಿಲ್ಲ, ಬದಲಿಗೆ ಗಾಜಿನಡಿ ಕೆಂಪಗೆ ಕೆಂಡದಂತೆ ಉರಿಯುತ್ತದೆ. "ಇದ್ರ ಮೇಲೆ ಮಣ್ಣಿಂದೋ ಹಿತ್ತಾಳಿದೋ, ಎಂತ ಇಟ್ರೂ ಬೇಯ್ತತ್," ಎಂದ. ಎಷ್ಟು ಕರೆಂಟು ತಿನ್ನುತ್ತದೆ ಎಂದು ನಾನು ಕೇಳಲಿಲ್ಲ. ಉಚಿತವಾಗಿ ಸಿಗುವ ವಸ್ತುವಿನ ಪ್ರಮಾಣ ವಿಚಾರಿಸುವುದು ಸಭ್ಯರ ಲಕ್ಷಣವಲ್ಲ.

ಆ ಸಂಜೆ ಕರೆಂಟ್ ಒಲೆಯ ಮೇಲೆ ನಾನೇ ಸ್ವತಃ ಚಾ ಮಾಡಿದೆ. ಚೆನ್ನಾಗಿಯೇ ಬಂತು. ಅತ್ತೆಯೂ ಇನ್ನರ್ಧ ಲೋಟ ಹಾಕಿಸಿಕೊಂಡರು. ನನ್ನ ತಲೆ ತಿರುಗಿದ್ದು ಆ ಅರ್ಧ ಲೋಟದಿಂದಲೇ ಎಂದು ಈಗ ಅನ್ನಿಸುತ್ತದೆ.

ಏಕೆಂದರೆ ಮರುದಿನದಿಂದ ನಾನು ಸುಧಾರಣೆಗಳನ್ನು ಕೈಗೆತ್ತಿಕೊಂಡೆ. ಕಿರಿಮಂಜೇಶ್ವರದಲ್ಲಿರುವ ನನ್ನ ತಂಗಿಯ ಮನೆ ಒಕ್ಕಲಿತ್ತು, ಹೊಸ ಮನೆಯ ಗೃಹಪ್ರವೇಶ. ಅಡುಗೆಗೆ ಇನ್ನೊಂದು ಗ್ಯಾಸ್ ಒಲೆ ಇದ್ದರೆ ಒಳ್ಳೆಯದಿತ್ತು ಎಂದು ಅವಳು ಫೋನಿನಲ್ಲಿ ಅಂದಳು. "ನಮ್ಗ್ ಇನ್ ಅದ್ ಬ್ಯಾಡವೇ ಬ್ಯಾಡ, ನೀನೇ ಇಟ್ಕೋ," ಎಂದು ಒಲೆಯನ್ನೂ ಸಿಲಿಂಡರನ್ನೂ ರಿಕ್ಷಾದಲ್ಲಿ ಹಾಕಿ ಕಳುಹಿಸಿಬಿಟ್ಟೆ.

ಆಮೇಲೆ ನನ್ನ ಕಣ್ಣು ಹಿತ್ತಿಲಿಗೆ ಬಿತ್ತು. ಅಲ್ಲಿ ಮಾಡಿನ ಅಡಿಯಲ್ಲಿ ಒಂದು ಸೌದೆ ಒಲೆ. ಅದರ ಪಕ್ಕದ ಬಚ್ಚಲಲ್ಲಿ ಸ್ನಾನದ ನೀರಿನ ಹಂಡೆ, ಅದಕ್ಕೂ ಒಲೆ. ಎರಡಕ್ಕೂ ಉರುವಲಾಗಿ ತೆಂಗಿನ ಮಡಲು, ಸಿಪ್ಪೆ, ಒಣಕಲು ಕಡ್ಡಿಗಳ ದೊಡ್ಡ ರಾಶಿ. ಕರೆಂಟ್ ಒಲೆಯ ಕಾಲದಲ್ಲಿ ಈ ಕಸವೇಕೆ? ಹೊಗೆಯಿಂದ ಗಿರಿಜಳ ಕಣ್ಣು ಕೆಂಪಾಗುವುದನ್ನು ನಾನೇ ನೋಡಿದ್ದೆ. ನಿಜಕ್ಕೂ ಅಯ್ಯೋ ಅನ್ನಿಸಿತ್ತು. ಗಿರಿಜ ಸಂಘದ ಮೀಟಿಂಗಿಗೆ ಹೋದ ಸಮಯ ನೋಡಿ ಪಕ್ಕದ ಮನೆಯ ರತ್ನಕ್ಕನನ್ನು ಬೇಲಿಯಾಚೆಯಿಂದ ಕರೆದು, ರಾಶಿಯನ್ನು ಪೂರ್ತಿ ತೆಗೆದುಕೊಂಡು ಹೋಗಲು ಹೇಳಿದೆ.

ರತ್ನಕ್ಕ ನನ್ನನ್ನೂ ರಾಶಿಯನ್ನೂ ನೋಡಿ, "ಹ್ವಾಯ್, ಇದ್ ಗಿರಿಜಂಗ್ ಗೊತ್ತಿತ್ತಾ?" ಎಂದರು.

"ಮನಿ ವಿಷ್ಯ ನಾನ್ ಕಾಣ್ತಿದ್ದೆ ಈಗ," ಎಂದೆ.

ಅವರು ಹೊರಲು ಶುರುಮಾಡಿದರು. ಗಿರಿಜ ವಾಪಸು ಬರುವಷ್ಟರಲ್ಲಿ ಹಿತ್ತಿಲು ಗುಡಿಸಿದಂತಿತ್ತು. ಅವಳು ಬರಿದಾದ ಜಾಗದ ಮುಂದೆ ಸ್ವಲ್ಪ ಹೊತ್ತು ನಿಂತಳು. "ಬ್ಯಾಸ್ಗೆ ಪೂರಾ ಬೆನ್ ಬಗ್ಸಿ ಒಟ್ಮಾಡದ್ದ್ ಅದ್," ಎಂದಳು. ಅಷ್ಟೇ ಹೇಳಿ ಒಳಗೆ ಹೋದಳು. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಕರೆಂಟ್ ಒಲೆಯ ಮೇಲೆ ಮೊದಲ ಅನ್ನ. ನಮ್ಮ ಕಡೆ ಅನ್ನವೆಂದರೆ ಕುಚ್ಚಲಕ್ಕಿ. ಭತ್ತವನ್ನು ಒಮ್ಮೆ ಬೇಯಿಸಿ ಒಣಗಿಸಿ ಮಾಡಿದ ದಪ್ಪ ಅಕ್ಕಿ. ಪುಣೆಯ ಬಿಳಿ ಅಕ್ಕಿ ಒಂದು ಚಾ ಕುಡಿದು ಮುಗಿಸುವಷ್ಟರಲ್ಲಿ ಬೇಯುತ್ತದೆ. ಕುಚ್ಚಲಕ್ಕಿಗೆ ಅಂಥ ಅವಸರವಿಲ್ಲ. ಸೌದೆ ಒಲೆಯ ಮೇಲೆ ಅದನ್ನಿಟ್ಟು ಹೆಂಗಸರು ಹೂ ಕೊಯ್ದು, ಅಂಗಳ ಗುಡಿಸಿ, ಪಕ್ಕದ ಮನೆಯ ಸುದ್ದಿ ಕೇಳಿಕೊಂಡು ಬಂದರೂ ಅದಿನ್ನೂ ಕುದಿಯುತ್ತಲೇ ಇರುತ್ತದೆ. ಇದು ನನಗೆ ಗೊತ್ತಿರಲಿಲ್ಲ. ನಾನು ಒಲೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಪಾತ್ರೆ ದೊಡ್ಡದು, ಕೆಂಪಗೆ ಉರಿಯುವ ವೃತ್ತ ಸಣ್ಣದು. ಅಕ್ಕಿ ಬೇಯಲಿಲ್ಲ. ಪೇಪರ್ ಓದಿದೆ. ಬೇಯಲಿಲ್ಲ. ಜಾಹೀರಾತುಗಳನ್ನೂ ಓದಿದೆ. ಬೆಳಗಿನ ಗಂಜಿ ಊಟ ಮಧ್ಯಾಹ್ನದ ಹತ್ತಿರ ಆಯಿತು.

ಮೀನು ಸಾರಿನ ಕಥೆ ಇದಕ್ಕೆ ತದ್ವಿರುದ್ಧ. ಮಣ್ಣಿನ ಮಡಕೆ ಬಿಸಿಯಾಗಲು ಬಹಳ ಹೊತ್ತು ತೆಗೆದುಕೊಂಡಿತು. ಆದರೆ ಒಮ್ಮೆ ಬಿಸಿಯಾದ ಮೇಲೆ ಸ್ವಿಚ್ ಆರಿಸಿದರೂ ಕುದಿ ನಿಲ್ಲಿಸಲು ಒಪ್ಪಲಿಲ್ಲ. ಗಾಜೂ ಕೆಂಡ, ಮಡಕೆಯೂ ಕೆಂಡ. ಊಟಕ್ಕೆ ಕೂತಾಗ ಅತ್ತೆ ಸೌಟಿನಿಂದ ಸಾರನ್ನು ತಿರುಗಿಸಿ ತಿರುಗಿಸಿ ನೋಡಿ, "ಬಂಗ್ಡಿ ಹಾಕಿದ್ದ್ ಹೌದಾ ಕೇಣ್," ಎಂದರು. ಬಂಗುಡೆ ಅಲ್ಲೇ ಇತ್ತು. ಕರಗಿ ಸಾರಾಗಿತ್ತು.

ಹಂಡೆಯ ಒಲೆಗೂ ಉರುವಲು ಇಲ್ಲವಲ್ಲ, ಹಾಗಾಗಿ ಸ್ನಾನದ ನೀರಿಗೆ ಒಂದು ಕಾಯಿಲ್ ತಂದೆ. ಬಕೆಟ್ಟಿನಲ್ಲಿ ಇಳಿಬಿಟ್ಟು ಸ್ವಿಚ್ ಹಾಕುವ ಕಬ್ಬಿಣದ ಸುರುಳಿ. ಒಲೆ ಉರಿಯುತ್ತಿರುವಾಗ ಕಾಯಿಲ್ ಹಾಕಿದರೆ ಫ್ಯೂಸ್ ಹೋಗುತ್ತದೆ ಎಂಬುದು ಮೊದಲ ದಿನವೇ ಗೊತ್ತಾಯಿತು. ಒಲೆಯ ಜೊತೆ ಪಂಪು ಹಾಕಿದರೂ ಹೋಗುತ್ತದೆ ಎಂಬುದು ಎರಡನೆಯ ದಿನ. ಮನೆಯ ವೈರಿಂಗ್ ಅತ್ತೆಯ ಮದುವೆಯ ಕಾಲದ್ದು. ಹೀಗಾಗಿ ಮನೆಯ ಸಮಸ್ತ ವಿದ್ಯುತ್ ವಿತರಣೆಯ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡೆ. "ಈಗ ಅನ್ನ, ಯಾರೂ ಮಿಕ್ಸಿ ಮುಟ್ಟುಕಿಲ್ಲೆ!" ಎಂದು ನಡುಮನೆಯಲ್ಲಿ ನಿಂತು ಕೂಗುವುದು. "ಈಗ ಮಿಕ್ಸಿ, ಒಲೆ ಬಂದ್." ಸಂಜೆ ಅತ್ತೆಯ ಧಾರಾವಾಹಿಯ ಹೊತ್ತಿಗೆ ಸರಿಯಾಗಿ ಪಂಪು, ಒಲೆ, ಟಿವಿ ಮೂರೂ ಸೇರಿ ಹೋದವು. ಅದೇ ಹೊತ್ತಿಗೆ ಅತ್ತ ಧಾರಾವಾಹಿಯಲ್ಲಿ ಸೊಸೆ ಏನೋ ಗುಟ್ಟು ಹೇಳಲು ಬಾಯಿ ತೆರೆದಿದ್ದಳಂತೆ. ಆ ಗುಟ್ಟು ಏನೆಂದು ಅತ್ತೆಗೆ ಇವತ್ತಿಗೂ ಗೊತ್ತಾಗಿಲ್ಲ.

ಆದರೂ ನಿಜ ಹೇಳುತ್ತೇನೆ, ಆ ದಿನಗಳಲ್ಲಿ ನಾನು ಸುಖವಾಗಿದ್ದೆ. "ನೀವ್ ಕೂಕಣಿ" ಎಂಬ ಮಾತು ನಿಂತಿತ್ತು. ಬೆಳಗಿನಿಂದ ಸಂಜೆಯವರೆಗೆ ನನ್ನನ್ನು ಕೇಳದೆ ಯಾರೂ ಒಂದು ಸ್ವಿಚ್ ಹಾಕುವಂತಿರಲಿಲ್ಲ. ಕೊನೆಗೂ ಈ ಮನೆ ನನ್ನಿಂದ ನಡೆಯುತ್ತಿದೆ ಎಂದು ಅನ್ನಿಸುತ್ತಿತ್ತು. ಅಷ್ಟರಲ್ಲಿ ಹೊಸ್ತು ಬಂತು.

ಹೊಸ್ತು ನಮ್ಮಲ್ಲಿ ಹೊಸ ಅಕ್ಕಿ ಉಣ್ಣುವ ಹಬ್ಬ. ಬೆಳಿಗ್ಗೆ ಗದ್ದೆಯಿಂದ ಭತ್ತದ ಕದಿರನ್ನು ತಲೆಯ ಮೇಲೆ ಹೊತ್ತು ಮನೆಗೆ ತರುತ್ತಾರೆ. ಎಲೆಗಳ ಜೊತೆ ಸೇರಿಸಿ ಬಾಗಿಲಿಗೆ, ಬಾವಿಗೆ, ನೇಗಿಲಿಗೆ, ಸ್ಕೂಟರಿಗೆ, ಮನೆಯಲ್ಲಿ ಅನ್ನ ಕೊಡುವ ಪ್ರತಿಯೊಂದಕ್ಕೂ ಕಟ್ಟುತ್ತಾರೆ. ಆಮೇಲೆ ಹೊಸ ಅಕ್ಕಿ ಸೇರಿಸಿ ಅನ್ನ ಮಾಡಿ, ಹಿರಿಯರಿಗೆ ಹೇಳಿ, ಮನೆಯವರೆಲ್ಲ ಒಟ್ಟಿಗೆ ಕೂತು ಮೊದಲ ತುತ್ತು ತಿನ್ನುವುದು. ಅಲ್ಲಿಯವರೆಗೆ ದೊಡ್ಡವರು ಏನೂ ತಿನ್ನುವುದಿಲ್ಲ. ನಾನು ಕೇಳಿ ಒಂದು ಹಿಡಿ ಕದಿರು ಪಡೆದು ಕರೆಂಟ್ ಒಲೆಗೆ ಕಟ್ಟಿದೆ, ಅದರ ವೈರಿಗೆ.

"ಒಣ ಹುಲ್ ಅದ್, ಬೆಂಕಿ ಹಿಡಿತ್ತ್ ಹೇಳ್ ಅವ್ರಿಗೆ," ಎಂದರು ಅತ್ತೆ. ತಮ್ಮ ಪಾಲಿನ ಕದಿರನ್ನು ಅವರು ಹಿತ್ತಿಲಿಗೆ ಹೋಗಿ, ತಣ್ಣಗೆ ಕೂತಿದ್ದ ಸೌದೆ ಒಲೆಯ ಮಾಡಿನ ಕಂಬಕ್ಕೆ ಕಟ್ಟಿ ಬಂದರು.

ಹಬ್ಬಕ್ಕೆ ಹದಿನೈದು ಇಪ್ಪತ್ತು ಜನ ನೆಂಟರು. ನಾನು ಯುದ್ಧದ ತಯಾರಿಯಂತೆ ಎಲ್ಲವನ್ನೂ ಯೋಜಿಸಿದ್ದೆ. ಸ್ನಾನಗಳು ನಸುಕಿಗೇ ಮುಗಿದವು. ಮಿಕ್ಸಿ ಕೆಲಸವೂ ಮುಗಿಯಿತು. ಪಂಪಿನ ಸ್ವಿಚ್ಚಿಗೆ ಟೇಪು ಸುತ್ತಿದೆ. ದೊಡ್ಡ ಪಾತ್ರೆಯಲ್ಲಿ ಅನ್ನ ಒಲೆಯೇರಿತು. ಎಲ್ಲ ಸರಿಯಾಗಿ ನಡೆಯುತ್ತಿತ್ತು. ಅಷ್ಟು ಹೊತ್ತಿಗೆ ಮುಂಬಯಿಯಿಂದ ರೈಲಿಳಿದು ಗಿರಿಜಳ ತಮ್ಮ ಸುಧಾಕರ ಬಂದ. ನಾನು ಅಂಗಳದಲ್ಲಿ ನೆಂಟರಿಗೆ ಉಚಿತ ವಿದ್ಯುತ್ತಿನ ಬಗ್ಗೆ ಉಪನ್ಯಾಸ ಕೊಡುತ್ತಿದ್ದೆ. ಅವನು ಹಿಂದಿನ ಬಾಗಿಲಿನಿಂದ ಹೋಗಿ, ಬಕೆಟ್ಟಿಗೆ ಕಾಯಿಲ್ ಇಳಿಬಿಟ್ಟು, ಸ್ವಿಚ್ ಹಾಕಿದ.

ಈ ಸಲ ಬರೀ ಫ್ಯೂಸ್ ಅಲ್ಲ. ಮೀಟರ್ ಹಲಗೆಯ ಹಿಂದಿನಿಂದ ಒಂದು ಟಪ್ ಎಂಬ ಶಬ್ದ, ಆಮೇಲೆ ಸುಟ್ಟ ವಾಸನೆ. ಮನೆ ಪೂರ್ತಿ ನಿಶ್ಶಬ್ದವಾಯಿತು. ಫ್ರಿಜ್ಜು ಕೂಡ ನಿಟ್ಟುಸಿರು ಬಿಟ್ಟು ನಿಂತಿತು.

"ಅರೆ ಭಾವ, ಟೆನ್ಶನ್ ಮತ್ ಲೋ. ಲೈಟ್ ಹೋಯ್ತ್ ಕಾಂತತ್ತ್," ಎಂದ ಸುಧಾಕರ, ಟವೆಲ್ ಸುತ್ತಿಕೊಂಡು ಹೊರಗೆ ಬಂದು.

ವೈರಿಂಗಿನವನಿಗೆ ಫೋನು ಮಾಡಿದೆ. "ಹ್ವಾಯ್, ಇವತ್ತ್ ನಮ್ಮನ್ಯಗೂ ಹೊಸ್ತೇ. ಎಲೆ ಮುಂದ್ ಕೂಕಂಡಿದ್ದೆ. ನಾಳೆ ಬತ್ತೆ," ಎಂದ ಅವನು. ಫೋನಿನಲ್ಲಿ ಅವನ ಮನೆಯ ಪಾತ್ರೆಗಳ ಸದ್ದು ಕೇಳುತ್ತಿತ್ತು.

ಪಾತ್ರೆಯ ಮುಚ್ಚಳ ತೆಗೆದು ನೋಡಿದರೆ ಹೊಸ ಅಕ್ಕಿಯ ಅನ್ನ ಅರೆಬೆಂದು ನಿಂತಿತ್ತು. ಕೆಳಗಿನದು ಮೆತ್ತಗೆ, ಮೇಲಿನದು ಕಲ್ಲು. ಮಕ್ಕಳು ಹಸಿವೆಗೆ ರಗಳೆ ತೆಗೆದಿದ್ದರು, ದೊಡ್ಡವರು ತೆಗೆಯದೆ ಸುಮ್ಮನಿದ್ದರು. ಗ್ಯಾಸ್ ಒಲೆ ಕಿರಿಮಂಜೇಶ್ವರದಲ್ಲಿ. ಸೌದೆ ಒಲೆ ಇದೆ, ಸೌದೆ ರತ್ನಕ್ಕನ ಮನೆಯಲ್ಲಿ.

"ಹೋಟ್ಲಿಂದ ಅನ್ನ ತರ್ಸುವ," ಎಂದ ಸುಧಾಕರ.

ಅತ್ತೆ ಮಗನ ಮುಖ ನೋಡಿದರು. ಅವನು ಮತ್ತೆ ಬಚ್ಚಲಿಗೆ ಹೋದ. ಆಮೇಲೆ ಅವರು ನನ್ನ ಕಡೆ ತಿರುಗಿ, ನಡುವೆ ಗಿರಿಜಳನ್ನು ಇಟ್ಟುಕೊಳ್ಳದೆ, ಮದುವೆಯಾದ ಮೇಲೆ ಮೊದಲ ಬಾರಿಗೆ ನೇರವಾಗಿ ನನಗೇ ಹೇಳಿದರು. "ಹೊಸ್ತಿನ್ ಅನ್ನ ನಮ್ಮನಿ ಒಲಿಯಂಗೇ ಬೇಯ್ಕ್. ನೀವ್ ಹೋಯಿ ಸಿಪ್ಪಿ ಕೇಣ್ಕಂಡ್ ಬನ್ನಿ."

ಜರಿ ಅಂಚಿನ ಪಂಚೆ ಉಟ್ಟುಕೊಂಡಿದ್ದ ನಾನು ಅದನ್ನು ಮಂಡಿಯವರೆಗೆ ಎತ್ತಿ ಕಟ್ಟಿ ರತ್ನಕ್ಕನ ಅಂಗಳಕ್ಕೆ ಹೋದೆ. ಅವರ ಹಿತ್ತಿಲಿನಲ್ಲಿ ನಮ್ಮ ಸಿಪ್ಪೆ ಧಗಧಗನೆ ಉರಿದು ಅವರ ಹೊಸ್ತಿನ ಅನ್ನ ಆಗಲೇ ಬಸಿದಾಗಿತ್ತು.

"ರತ್ನಕ್ಕ, ಒಂಚೂರ್ ಸಿಪ್ಪಿ ಬೇಕಿತ್ತ್," ಎಂದೆ.

"ತಕಂಡ್ ಹೋಯ್ನಿ ಮರ್ರೆ. ನಿಮ್ದೇ ಅಲ್ದಾ," ಎಂದರು ರತ್ನಕ್ಕ. ನಗಲಿಲ್ಲ. ನಗಬಾರದೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

ಕೊಟ್ಟಿದ್ದು ಬೇಲಿಯ ಮೇಲಿನಿಂದ. ತರುವಾಗ ಬುಟ್ಟಿ ತುಂಬಿದ್ದರಿಂದ ರಸ್ತೆ ಸುತ್ತಿ ಬರಬೇಕಾಯಿತು. ತಲೆಯ ಮೇಲೆ ಸಿಪ್ಪೆ ಬುಟ್ಟಿ ಹೊತ್ತು ಬರುತ್ತಿರುವಾಗ ತಡವಾಗಿ ಬಂದ ನೆಂಟರೊಬ್ಬರು ರಿಕ್ಷಾದಿಂದ ಇಳಿದರು. "ಓಹೋ, ಈ ಸಲ ಕದ್ರ್ ಹೊತ್ತದ್ದ್ ನೀವಾ?" ಎಂದು ಕೈಮುಗಿಯಲು ಹೋಗಿ, ಬುಟ್ಟಿಯೊಳಗೆ ಇಣುಕಿ ನೋಡಿ, ಕೈಯನ್ನು ಹಾಗೆಯೇ ಕಿಸೆಗೆ ಹಾಕಿಕೊಂಡರು.

ಗಿರಿಜ ಒಲೆ ಹೊತ್ತಿಸಿದಳು. ಪಾತ್ರೆ ಏರಿತು. ಎಲ್ಲರೂ ಅದರ ಸುತ್ತ ನಿಂತು ಹೊಗೆಯಲ್ಲಿ ಕಣ್ಣು ಉಜ್ಜಿಕೊಂಡರು. ಮಧ್ಯಾಹ್ನ ಕಳೆದ ಮೇಲೆ ಹೊಸ್ತಿನ ಊಟವಾಯಿತು. ಅನ್ನ ಎಷ್ಟು ರುಚಿಯಾಗಿತ್ತೆಂದರೆ ನನಗೆ ನಾಚಿಕೆಯಾಯಿತು.

ಇಷ್ಟಕ್ಕೆ ಮುಗಿದಿದ್ದರೆ ಒಂದು ರೀತಿ. ವೈರಿಂಗ್ ಸರಿಯಾದ ಕೆಲವೇ ದಿನಕ್ಕೆ ಮೀಟರ್ ನೋಡುವವನು ಬಂದ. ಮಿಷನ್ನು ಕಿರ್ರೆಂದಿತು. ಅವನು ಚೀಟಿಯನ್ನೊಮ್ಮೆ, ಮೀಟರನ್ನೊಮ್ಮೆ ನೋಡಿ, "ಅಮ್ಮ, ಈ ಸಲ ಕಟ್ಟುಕಿತ್ತ್," ಎಂದ.

ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. ತೆಗೆದು ನೋಡಿದರು. ಮತ್ತೆ ಹಾಕಿಕೊಂಡರು. ಸೊನ್ನೆಗಳು ಇದ್ದವು, ಆದರೆ ಈ ಸಲ ಅವುಗಳ ಮುಂದೆ ಬೇರೆ ಅಂಕಿಗಳೂ ಬಂದು ನಿಂತಿದ್ದವು. ಮೊತ್ತವನ್ನು ನಾನಿಲ್ಲಿ ಬರೆಯುವುದಿಲ್ಲ. ಇದನ್ನು ತಂಗಿಯ ಗಂಡನೂ ಓದುವ ಸಂಭವವಿದೆ.

"ಫ್ರೀ ಅಲ್ದಾ?" ಎಂದೆ ನಾನು.

ಫ್ರೀ ಹೌದು, ಆದರೆ ಅದಕ್ಕೊಂದು ಮಿತಿಯಿದೆ. ನಾವು ಮೊದಲು ವರ್ಷವಿಡೀ ಎಷ್ಟು ಉರಿಸುತ್ತಿದ್ದೆವೋ ಅದರ ಮೇಲೆ ಸ್ವಲ್ಪ ಮಾತ್ರ ಜಾಸ್ತಿ. ಅದನ್ನು ದಾಟಿದರೆ ದಾಟಿದ್ದಕ್ಕೆ ದುಡ್ಡು. ಇನ್ನೂರು ಯುನಿಟ್ಟನ್ನೇ ದಾಟಿದರೆ ಪೂರ್ತಿಗೂ ದುಡ್ಡು. ನಾವು ಎರಡನ್ನೂ ದಾಟಿ ಮುಂದೆ ಹೋಗಿದ್ದೆವು. ಇದು ಊರಿಗೆಲ್ಲ ಗೊತ್ತಿದ್ದ ವಿಷಯ. ಬಸ್ಸಿನಲ್ಲಿ ನಾನು ಬೋಧಿಸಿದ ಆ ನಾಲ್ವರಿಗೂ ಗೊತ್ತಿದ್ದಿರಬೇಕು. ದೊಡ್ಡ ಮನುಷ್ಯ, ಪುಣೆಯವರು, ಎಂದು ಸುಮ್ಮನಿದ್ದರು.

ಅವನು ಹೋದ ಮೇಲೆ ಗಿರಿಜ ನನ್ನ ಪಕ್ಕ ಬಂದು ಕೂತಳು. ಅಂದು ಊಟದ ಹೊತ್ತಿಗೆ ಹೇಳಲು ಬಾಯಿ ತೆರೆದಿದ್ದ ಮಾತನ್ನು ಈಗ ಹೇಳಿದಳು. "ಒಂದ್ ಸಿಲಿಂಡರ್ ತಂದ್ರೆ ನಮ್ಗ್ ಐದಾರ್ ತಿಂಗ್ಳ್ ಬತ್ತಿತ್ತ್. ಗ್ಯಾಸಂಗೆ ಮಾಡ್ತಿದ್ದದ್ದ್ ಚಾ ಒಂದೇ. ನೆಂಟ್ರ್ ಬಂದ್ರೆ ಉಪ್ಪಿಟ್ಟ್. ಅನ್ನಕ್ಕೂ, ಸಾರಿಗೂ, ಮೀವ ನೀರಿಗೂ ಸಿಪ್ಪಿ, ಮಡ್ಲ್. ಅದೂ ಫ್ರೀಯೇ ಅಲ್ದಾ?"

ನಾನು ಲೆಕ್ಕ ಹಾಕಿದೆ. ಒಂದು ಫ್ರೀಯನ್ನು ಬೇಲಿಯಾಚೆ ದಾನ ಮಾಡಿ, ಇನ್ನೊಂದು ಫ್ರೀಯನ್ನು ಮಿತಿಮೀರಿ ಉರಿಸಿ, ನಾನು ಉಳಿಸಿದ್ದು ದಿನಕ್ಕೆ ಎರಡು ಸಲ ಚಾ ಕಾಯಿಸುವ ಗ್ಯಾಸನ್ನು. ಹೋಟೆಲಿನಲ್ಲಿ ಹೀಗೆ ಲೆಕ್ಕ ಮಾಡುವ ಮ್ಯಾನೇಜರ್ ಇದ್ದಿದ್ದರೆ ಅವನನ್ನು ನಾನು ಅದೇ ದಿನ ಮನೆಗೆ ಕಳುಹಿಸುತ್ತಿದ್ದೆ. ಇಲ್ಲಿ ಹಾಗೆ ಕಳುಹಿಸಲು ನಾನು ಇರುವುದೇ ಮನೆಯಲ್ಲಿ.

"ನಾನ್ ಪುಣೆಗ್ ಹೋತೆ ಗಿರಿಜ," ಎಂದೆ. ಸಿಟ್ಟಿನಿಂದಲ್ಲ, ನಿಜವಾಗಿ ಬೇಸರವಾಗಿತ್ತು. "ಇಲ್ಲ್ ನನ್ನಿಂದ ಎಂತದೂ ಆಪ್ದಿಲ್ಲೆ."

"ಹೋಯಿ ಎಂತ ಮಾಡ್ತ್ರಿ? ಹೋಟ್ಲ್ ಮಾರಿ ಆಯ್ತಲೆ." ಆಮೇಲೆ ಹೇಳಿದಳು, "ಕೆಲ್ಸ ಬೇಕಿದ್ರೆ ಬಾಯ್ ಬಿಟ್ ಕೇಣ್ಕ್. ಮಂಡಿ ನೋವಂದೇಳಿ ನಾವ್ ಕೂಕಣಿ ಅಂದದ್ದ್, ಬ್ಯಾಡ ಅಂದೇಳಿ ಅಲ್ಲ."

ಇಷ್ಟು ದಿನದ ಬೇಜಾರು ಒಂದೇ ಮಾತಿಗೆ ಇಳಿದುಹೋಯಿತು. ಮರುದಿನದಿಂದ ಸೌದೆ ಒಲೆಯ ಉಸ್ತುವಾರಿ ನನಗೆ ಎಂದು ತೀರ್ಮಾನವಾಯಿತು.

ಕರೆಂಟ್ ಒಲೆ ಈಗ ಅಟ್ಟದ ಮೇಲಿದೆ. ರತ್ನಕ್ಕ ಉಳಿದ ಸಿಪ್ಪೆಯನ್ನು ವಾಪಸು ತಂದು ಹಾಕಿದರು. ತಂಗಿ ಗ್ಯಾಸ್ ಒಲೆಯನ್ನು ಇನ್ನೂ ಕೊಟ್ಟಿಲ್ಲ, ನೀನೇ ಇಟ್ಟುಕೋ ಎಂದಿದ್ದನ್ನು ಅವಳು ಚೆನ್ನಾಗಿ ನೆನಪಿಟ್ಟುಕೊಂಡಿದ್ದಾಳೆ. ಬೆಳಿಗ್ಗೆ ಎದ್ದು ಹಿತ್ತಿಲಿಗೆ ಹೋಗುತ್ತೇನೆ. ಮೊದಲ ದಿನ ನಾನು ಹೊತ್ತಿಸಿದ ಬೆಂಕಿಯ ಹೊಗೆ ನೋಡಿ ರತ್ನಕ್ಕ ಕೊಡಪಾನ ನೀರು ಹಿಡಿದು ಓಡಿ ಬಂದಿದ್ದರು. ಹಾಗಾಗಿ ಹೊತ್ತಿಸಿ ಕೊಡುವುದು ಗಿರಿಜ. ಅದು ಆರದಂತೆ ಸಿಪ್ಪೆ ದೂಡುತ್ತ ಕೂರುವುದು ನಾನು. ಹೊಗೆಗೆ ಕಣ್ಣು ಉರಿಯುತ್ತದೆ, ಆದರೂ ಮನಸ್ಸಿಗೆ ಬಹಳ ಸಮಾಧಾನ. ನಾನಿಲ್ಲದಿದ್ದರೆ ನಮ್ಮ ಮನೆಯಲ್ಲಿ ಅನ್ನ ಬೇಯುವುದಿಲ್ಲ ಎಂದು ತಲ್ಲೂರು ಪೇಟೆಯಲ್ಲಿ ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗಿದೆ.

ಹೋದ ವಾರ ಜ್ವರ ಬಂದು ಹಾಸಿಗೆ ಹಿಡಿದೆ. ಅಯ್ಯೋ, ಮನೆಯ ಗತಿಯೇನು ಎಂದು ಮಲಗಿದಲ್ಲೇ ಚಡಪಡಿಸಿದೆ. ಆ ದಿನ ಅನ್ನ ಅರ್ಧ ಗಂಟೆ ಮೊದಲೇ ಬೆಂದಿತ್ತು.